ಎಡಗಣ್ಣಿನ ಕಾಡಿಗೆ

ಈ ಕಥೆಯನ್ನು ಹೇಳಲು ನನಗಿಂತ ಯೋಗ್ಯರು ಚಿತ್ತಾಪುರದಲ್ಲಿ ಬೇಕಾದಷ್ಟು ಮಂದಿ ಇದ್ದರು. ಕೆಲವರು ಹೇಳಲಿಲ್ಲ, ಕೆಲವರು ಅರ್ಧ ಹೇಳಿ ನಕ್ಕು ಬಿಟ್ಟರು. ಗಿಡಗಳ ವಿಷಯ ನನಗೆ ತಿಳಿದದ್ದು ಕಡಿಮೆ, ಪ್ರೀತಿಯ ವಿಷಯ ಬರೆಯುವ ಧೈರ್ಯ ಅದಕ್ಕಿಂತ ಕಡಿಮೆ. ಎಲೆಯ ಅಂಚನ್ನಾಗಲಿ ಮನಸ್ಸಿನ ಅಂಚನ್ನಾಗಲಿ ತಪ್ಪಾಗಿ ಹೇಳಿದ್ದರೆ ತಿಳಿದವರು ತಿದ್ದಿಕೊಂಡು ಓದಬೇಕು. ಸುಮ್ಮನಿರಬಹುದಿತ್ತು. ಆದರೆ ಒಬ್ಬ ಹೆಣ್ಣುಮಗಳ ಹೆಸರಿಗೆ ಊರು ಅಷ್ಟು ಸಲೀಸಾಗಿ ಮಸಿ ಬಳಿದದ್ದನ್ನು ಕೇಳಿದಾಗ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಿಜಾಮರ ಕಾಲ. ಮಳೆಗಾಲ ಮುಗಿಯುತ್ತ ಬಂದಿತ್ತು. ಶಾಲೆಯಲ್ಲಿ ನಡುಹೊತ್ತಿನ ಗಂಟೆ ಹೊಡೆದು ಹುಡುಗರೆಲ್ಲ ಬಯಲಿಗೆ ಓಡಿದ್ದರು. ಅಮೃತಪ್ಪ ಪಡಸಾಲೆಯ ಫರಶಿ ಕಲ್ಲಿನ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚುತ್ತಿದ್ದ. ಅವನು ಸೇಡಂ ಕಡೆಯವ. ಹೈದರಾಬಾದಿನಲ್ಲಿ ಓದಿ, ಉರ್ದುವಿನಲ್ಲಿ ವಿಜ್ಞಾನ ಹೇಳಿಕೊಡಲು ಚಿತ್ತಾಪುರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಫರಶಿಯ ಮೇಲೆ ನೆರಳು ಬಿತ್ತು. ತಲೆಯೆತ್ತಿದ.

ಬಣ್ಣ ಮಾಸಿದ ಸೀರೆ. ಹಣೆಗೆ ವಿಭೂತಿ ಮಾತ್ರ. ಎರಡು ಕೈಯಲ್ಲಿ ಒಣಗಿದ ಗಿಡದ ಎರಡು ಕಟ್ಟು. ಕಣ್ಣು ಮಾತ್ರ ನಿಗಿನಿಗಿ ಕೆಂಡ.

"ಕಾಡಿಗ್ಗರಗ ಅಲ್ಲ ಅಂದ ಮಾಸ್ತರ್ ನೀವೇನ್ರಿ?"

"ಯಾರ್ರಿ ನೀವು?"

"ಕೂಸುಗಳ ಕಣ್ಣು ತಗಿಯಾಕಿ. ನೀವು ಆ ಮಾತು ಅಂದಾಗಿಂದ ಊರಾಗ ನನಗ ಅದೇ ಹೆಸರು."

ರೊಟ್ಟಿ ಅವನ ಕೈಯಲ್ಲೇ ಉಳಿಯಿತು. ಆಕೆ ಎರಡೂ ಕಟ್ಟುಗಳನ್ನು ಅವನ ಮುಂದೆ ಇಟ್ಟಳು.

"ಅವತ್ತು ಒಂದೇ ಕಡ್ಡಿ ನೋಡಿ ಹೇಳೀರಂತ. ಇವತ್ತು ಕಟ್ಟೇ ತಂದೀನಿ. ಯಾವುದು ಗರಗ, ಯಾವುದು ಅಲ್ಲ, ಹೇಳ್ರಿ."

ಅಮೃತಪ್ಪ ಅಂಗಿಯ ಜೇಬಿನಿಂದ ಭೂತಗನ್ನಡಿ ತೆಗೆದ. ಸಿಟ್ಟಿಗೆದ್ದ ಹೆಂಗಸಿನ ಮುಖ ನೋಡುವುದಕ್ಕಿಂತ ಒಣಗಿದ ಗಿಡ ನೋಡುವುದು ಅವನಿಗೆ ಸುಲಭವಿತ್ತು. ಕಾಡಿಗೆ ಮಾಡುವ ಗರಗವೂ, ಅಂದರೆ ಭೃಂಗರಾಜವೂ, ಅದರಂತೆಯೇ ಕಾಣುವ ಇನ್ನೊಂದೂ ಅಡವಿ ಸೇವಂತಿಗೆಯ ಕುಲದವು. ಒಣಗಿದ ಮೇಲಂತೂ ಅಕ್ಕತಂಗಿಯರ ಹಾಗೆ ಒಂದೇ ಬಣ್ಣ, ಒಂದೇ ಒರಟು. ಒಂದು ಕಟ್ಟಿನ ಹೂವು ಒಣಗಿ ಗುಂಡಿಯ ಹಾಗೆ ಗಟ್ಟಿಯಾಗಿತ್ತು. ಬೀಜಕ್ಕೆ ತುಪ್ಪಳವಿಲ್ಲ. ಇನ್ನೊಂದನ್ನು ಮುಟ್ಟಿದರೆ ಸಾಕು, ಬೀಜಕ್ಕೆ ಅಂಟಿದ ಬಿಳಿ ತುಪ್ಪಳ ಗಾಳಿಗೆ ಎದ್ದಿತು.

"ಇದು ಗರಗ. ತುಪ್ಪಳ ಹಾರ್ತದಲ್ಲ, ಇದು ಅಲ್ಲ. ಎಲಿ ನೋಡ್ರಿ, ಇದರ ಅಂಚು ಆಳ ಕಡದದ, ಮೈತುಂಬ ಕೂದಲ. ಗರಗದ ಎಲಿ ಸಾದಾ, ಸಣ್ಣದು, ತೊಟ್ಟಿಲ್ಲದ ಕಡ್ಡಿಗೇ ಕುಂತದ."

"ಖರೆ," ಎಂದಳು ಆಕೆ.

ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಅವನ ಮುಖ ಅರಳಿತು. ಆ ಸಂತೋಷ ಭಾಳ ಹೊತ್ತು ಉಳಿಯಲಿಲ್ಲ.

"ಇವೆರಡೂ ನಮ್ಮ ಮನಿ ಜಂತಿಗೇ ತೂಗಾಡ್ತಾವ ಮಾಸ್ತರ್. ಗರಗ ಕಣ್ಣಿಗಿ. ಇದು ಗಾಯಕ್ಕ. ಕುಡಗೋಲು ತಾಗಿದವ್ರು, ಕಾಲ ಮ್ಯಾಲ ಫರಶಿ ಬಿದ್ದವ್ರು ಬರ್ತಾರ, ಎಲಿ ಅರದು ಕಟ್ತೀವಿ. ಕಾಡಿಗಿ ಹಚ್ಚಿ ಮೊಮ್ಮಗನ ಕಣ್ಣು ಊದ್ತಂತ ದೇವೀಂದ್ರಪ್ಪ ಸಾವ್ಕಾರ್ರು ಬಂದು, ಬಾಯಿಗಿ ಬಂದಂಗ ಬೈದು, ಹೋಗಬೇಕಾದ್ರ ಗಾಯದ ಕಟ್ಟಿನಾಗಿಂದ ಒಂದು ಕಡ್ಡಿ ಮುರಕೊಂಡು ನಿಮ್ಮ ಕಡಿ ತಂದ್ರು. ನೀವು ಅಲ್ಲ ಅಂದ್ರಿ. ಎಲ್ಲಿಂದ ತಂದ್ರಿ, ಯಾಕ ಕೇಳಾಕತ್ತೀರಿ ಅಂತ ಒಂದು ಮಾತು ಕೇಳಿದ್ರೇನು?"

ಅವನಿಗೆ ನೆನಪಾಯಿತು. ಹೋದ ಶುಕ್ರವಾರ, ಶಾಲೆಗೆ ರಜೆ. ಕಾಳಿನ ವ್ಯಾಪಾರಿ ದೇವೀಂದ್ರಪ್ಪ ಅಂಗಡಿಯ ಕಟ್ಟೆಯಿಂದ ಕರೆದು ಒಂದು ಕಡ್ಡಿ ಹಿಡಿದು, ಇದು ಗರಗ ಹೌದೇನು ಎಂದು ಕೇಳಿದ್ದರು. ಅವನು ಅಲ್ಲ ಎಂದಷ್ಟೇ ಹೇಳಿ ಸುಮ್ಮನಾಗಿರಲಿಲ್ಲ. ಇದು ಹೊರದೇಶದ ಗಿಡ, ರೈಲಿನ ಹಾದಿಗುಂಟ ಹಬ್ಬಿ ಬಂದದ್ದು, ವಾಡಿ ಸ್ಟೇಷನ್ನಿನ ಕಲ್ಲಿನ ಸಂದಿಯಲ್ಲೆಲ್ಲ ಇದೇ ಎಂದು ಪಾಠವನ್ನೇ ಮಾಡಿದ್ದ. ಕಟ್ಟೆಯ ಮೇಲಿನವರು ಬಾಯಿ ತೆರೆದು ಕೇಳಿದ್ದರು. ಅವನಿಗೆ ಹಿತವಾಗಿತ್ತು.

"ಕೇಳಲಿಲ್ಲ," ಎಂದ.

"ಗಿಡ ಗಿಡ ಬ್ಯಾರೆ ಮಾಡಾಕ ಬರ್ತದ ನಿಮಗ. ಮಂದಿ ಮಂದಿ ಬ್ಯಾರೆ ಮಾಡಾಕ ಬರಂಗಿಲ್ಲ."

ಕಟ್ಟುಗಳನ್ನು ಎತ್ತಿಕೊಂಡು ಆಕೆ ನಡೆದಳು. ಒಂದು ಎಳೆ ತುಪ್ಪಳ ಅವನ ರೊಟ್ಟಿಯ ಮೇಲೆ ಬಂದು ಕುಳಿತಿತ್ತು. ಅದನ್ನು ತೆಗೆಯಲು ಅವನಿಗೆ ಮನಸ್ಸಾಗಲಿಲ್ಲ. ರೊಟ್ಟಿ ತಿನ್ನಲೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ಹಾಕಲು ಬಂದ ಇಮಾಮ್ಬೀ ಪಾತ್ರೆಯನ್ನು ಹೊಸಿಲಲ್ಲೇ ಇಟ್ಟುಕೊಂಡು ನಿಂತಳು. ನಡುವಯಸ್ಸಿನ ಹೆಂಗಸು. ಕಣ್ಣ ತುಂಬ ಕಾಡಿಗೆ.

"ಇವತ್ತು ನಿಮಗ ಹಾಲು ಹಾಕಾಕ ಮನಸ್ಸಿಲ್ಲ ಮಾಸ್ತರ್. ನೀರು ಹಾಕಿ ಕೊಟ್ರ ಅದು ಹಾಲು ಅಲ್ಲ ಅಂತ ಊರಿಗೆಲ್ಲ ಸಾರ್ತೀರಿ."

"ಇಮಾಮ್ಬೀ, ಆಕಿ ಯಾರು?"

"ಯಾರು ಅಂದ್ರ? ಶಿವಕಾಂತಮ್ಮ. ನನ್ನ ಗ್ವಾಡಿ ಮಗ್ಗಲದ ಮನಿ. ಆಕಿ, ಆಕಿ ಅಜ್ಜಿ ಗುರುಲಿಂಗಮ್ಮ, ಇಬ್ಬರೇ. ಈ ಊರಾಗ ನಡ್ಯಾಡೋ ಹುಡುಗ್ರು ಎಲ್ಲಾರೂ ಆ ಮನಿ ಕಾಡಿಗಿ ಹಚ್ಚಿಕೊಂಡೇ ದೊಡ್ಡವ್ರಾಗ್ಯಾರ."

ಇಮಾಮ್ಬೀ ನಿಂತಲ್ಲೇ ಎಲ್ಲ ಹೇಳಿದಳು. ಗರಗದ ರಸದಲ್ಲಿ ಅರಿವೆ ಅದ್ದಿ, ನೆರಳಲ್ಲಿ ಒಣಗಿಸಿ, ಮತ್ತೆ ಅದ್ದಿ ಬತ್ತಿ ಹೊಸೆಯುತ್ತಾರೆ. ಔಡಲೆಣ್ಣೆಯ ದೀಪ ಹಚ್ಚಿ ಮೇಲೆ ಹಿತ್ತಾಳೆ ತಾಟು ಬೋರಲು ಹಾಕುತ್ತಾರೆ. ತಾಟಿಗೆ ಹಿಡಿದ ಮಸಿಯನ್ನು ಬೆಣ್ಣೆಯಲ್ಲಿ ಕಲಸುತ್ತಾರೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಬೇರೆ. ಹಸುಗೂಸಿಗೆ ಕಾಡಿಗೆ ಕೊಡುವ ಮೊದಲು ಮಾಡಿದಾಕೆ ಅದನ್ನು ತನ್ನ ಕಣ್ಣಿಗೆ ಹಚ್ಚಿಕೊಂಡು ಒಂದು ವಾರ ನೋಡಬೇಕು. ಅದು ಆ ಮನೆಯ ಪದ್ಧತಿ. ಆದರೆ ಗುರುಲಿಂಗಮ್ಮ ಗಂಡ ಸತ್ತಾಕೆ. ಶಿವಕಾಂತಮ್ಮನ ಗಂಡ ಆಕೆ ಇನ್ನೂ ಗಂಡನ ಮನೆಯ ಹೊಸಿಲು ದಾಟುವ ಮೊದಲೇ ಕಾಲರಾಕ್ಕೆ ಹೋದ. ಇಬ್ಬರೂ ಕಾಡಿಗೆ ಹಚ್ಚುವಂತಿಲ್ಲ.

"ಅದಕ್ಕ ನಾ ಹಚ್ಚಿಕೊಳ್ತೀನಿ. ಆ ಮನಿ ಕಾಡಿಗಿಗಿ ನನ್ನ ಕಣ್ಣೇ ಜಾಮೀನು," ಎಂದಳು ಇಮಾಮ್ಬೀ. "ಈ ಸಲ ಮಗಳ ಬಾಣಂತನಕ್ಕ ಶಹಾಬಾದಕ್ಕ ಹೋಗಿದ್ದೆ. ಸಾವ್ಕಾರ್ರ ಮನ್ಯಾಗ ಮೊಮ್ಮಗನ್ನ ತೊಟ್ಟಲಕ ಹಾಕೋ ಗಡಿಬಿಡಿ. ವಾರ ನೋಡದ ಹಂಗೇ ಒಯ್ದ್ರು. ಕೂಸಿನ ಕಣ್ಣು ಊದ್ತು. ಹೊರಗ ಸಿಟ್ಟು ಮಾಡ್ತಾಳ ಶಿವಕಾಂತಮ್ಮ. ಒಳಗ, ನಂದೇ ತಪ್ಪೇನೋ ಅಂತ ಅನ್ನ ಬಿಟ್ಟಾಳ."

ಇಡೀ ಊರಿನ ಕೂಸುಗಳ ಕಣ್ಣಿಗೆ ಕಾಡಿಗೆ ಕೊಡುವವಳು ತನ್ನ ಕಣ್ಣಿಗೆ ಹಚ್ಚಿಕೊಳ್ಳುವಂತಿಲ್ಲ. ಹೆಚ್ಚು ಹೇಳಿದರೆ ದೊಡ್ಡ ಮಾತಾಡಿದಂತಾಗುತ್ತದೆ ಎಂಬ ಅಂಜಿಕೆ. ಆದರೂ ಹೇಳುತ್ತೇನೆ: ಇದು ಅನ್ಯಾಯ. ಅವತ್ತು ಅಮೃತಪ್ಪನಿಗೂ ಹಾಗೇ ಅನ್ನಿಸಿತು.

ಅವನು ನೆಟ್ಟಗೆ ದೇವೀಂದ್ರಪ್ಪನವರ ಅಂಗಡಿಗೆ ಹೋದ. ಕಟ್ಟೆಯ ಮೇಲೆ ಅವತ್ತಿನ ಮಂದಿಯೇ ಇದ್ದರು.

"ಸಾವ್ಕಾರ್ರೇ, ನೀವು ತೋರಿಸಿದ ಕಡ್ಡಿ ಗರಗ ಅಲ್ಲ, ಖರೆ. ಆದ್ರ ಅದು ಕಾಡಿಗಿ ಕಟ್ಟಿಂದಲ್ಲ. ಗಾಯಕ್ಕ ಇಟ್ಟಿದ್ದು. ಬತ್ತಿ ಮಾಡೋ ಅರಿವಿ ತರಿಸಿ ನೋಡ್ರಿ, ಕಪ್ಪಗ ಆಗಿರ್ತಾವ. ಗರಗದ ರಸಕ್ಕ ಮಾತ್ರ ಹಂಗ ಆಗ್ತದ."

ದೇವೀಂದ್ರಪ್ಪ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಕಾಡಿಗಿ ಮಾಡೋರ ಮನ್ಯಾಗ ಅರಿವಿ ಕರ್ರಗಿರದ ಬೆಳ್ಳಗಿರ್ತಾವೇನ್ರಿ?"

ಕಟ್ಟೆ ನಕ್ಕಿತು.

"ಎರಡೂ ಒಂದೇ ಜಂತಿಗಿ ತೂಗಾಡಿದ್ದು ನಾ ನೋಡೀನಿ. ಒಂದರಾಗ ಒಂದು ಕೂಡಿರಬಾರದೇನು? ಹೋದ ಶುಕ್ರವಾರ ಅಲ್ಲ ಅಂದ್ರಿ. ಇವತ್ತು ಆಕಿ ತಪ್ಪಲ್ಲ ಅಂತೀರಿ. ನಡುವ ಯಾರ ಮುಖ ನೋಡಿದ್ರಿ ಮಾಸ್ತರ್?"

ಈ ಸಲ ಕಟ್ಟೆ ಇನ್ನೂ ಜೋರಾಗಿ ನಕ್ಕಿತು. ಅಮೃತಪ್ಪನ ಕಿವಿ ಬಿಸಿಯಾದವು. ಹೊರಟು ಬಂದ.

ಸಂಜೆಯೊಳಗೆ ಆ ಮಾತು ಶಿವಕಾಂತಮ್ಮನ ಮನೆಗೂ ಮುಟ್ಟಿತು. ಮರುದಿನ ನಾಗಾವಿ ಕಡೆಯ ಹಳ್ಳದಲ್ಲಿ ಆಕೆ ಗರಗ ಕೀಳುತ್ತಿದ್ದಾಗ ಅಮೃತಪ್ಪ ಅಲ್ಲಿಗೆ ಬಂದ. ಗುರುಲಿಂಗಮ್ಮ ಬಂಡೆಯ ಮೇಲೆ ಕುಳಿತು ಎಲೆಯಡಿಕೆ ಕುಟ್ಟುತ್ತಿದ್ದಳು.

"ನನ್ನ ಕೇಳದ ಸಾವ್ಕಾರ್ರ ಅಂಗಡಿಗಿ ಹೋಗ್ರಿ ಅಂತ ಯಾರು ಹೇಳಿದ್ರು ನಿಮಗ?" ಶಿವಕಾಂತಮ್ಮ ನೀರಿನಿಂದ ಮೇಲೇಳಲೂ ಇಲ್ಲ. "ಮೊದಲು ಕಾಡಿಗಿ ಹೆಸರು ಹೋಗಿತ್ತು. ಈಗ ಇನ್ನೊಂದು ಹೆಸರು ಇಟ್ಟಾರ. ನಿಮ್ಮ ಉಪಕಾರ ಸಾಕು."

"ತಪ್ಪಾಯ್ತು."

"ಅದನ್ನ ನನ್ನ ಮುಂದ ಹೇಳಿದ್ರ ಏನು ಬಂತು? ಹೇಳೋ ಜಾಗದಾಗ ಹೇಳಿದ್ರ ನಗ್ತಾರ."

"ಕಾಂತಿ," ಎಂದಳು ಅಜ್ಜಿ, "ಬೈಯೋದಿದ್ರ ಕುಂದ್ರಿಸಿ ಬೈ. ನಿಂತವ್ರಿಗಿ ಬೈದ್ರ ಅರ್ಧ ತಲೆ ಮ್ಯಾಲಿಂದ ಹೋಗ್ತದ. ಕುಂದ್ರಿ ಮಾಸ್ತರ್."

ಅವನು ಕುಳಿತ. ಅವಳು ಬೈಯಲಿಲ್ಲ. ಒಂದು ಗರಗದ ದಂಟನ್ನು ಬೆರಳ ನಡುವೆ ಹಿಸುಕಿ ಅವನ ಅಂಗೈಗೆ ಒರೆಸಿದಳು. ಹಸಿರು ರಸ ನೋಡನೋಡುತ್ತ ಬಣ್ಣ ಬದಲಾಯಿಸಿ ಕಪ್ಪಾಯಿತು.

"ಪುಸ್ತಕದಾಗ ಇದು ಅದ ಏನ್ರಿ?"

"ಅದ. ಆದ್ರ ಅಂಗೈ ಮ್ಯಾಲ ಇರಲಿಲ್ಲ."

ಅವಳ ತುಟಿಯ ಅಂಚು ನಗುವಿನ ಕಡೆಗೆ ಹೊರಟು, ಅರ್ಧ ಹಾದಿಯಿಂದ ತಿರುಗಿ ಬಂತು.

ಅಮೃತಪ್ಪ ಗರಗದ ಹೂವೊಂದನ್ನು ಭೂತಗನ್ನಡಿಯ ಕೆಳಗೆ ಹಿಡಿದು ಅವಳ ಕಡೆ ಚಾಚಿದ. ಉಗುರಿನಷ್ಟೂ ಇಲ್ಲದ ಬಿಳಿ ಹೂವು. ಸುತ್ತ ಎಣಿಸಲಾಗದಷ್ಟು ಎಸಳು, ಒಂದೊಂದೂ ದಾರದ ತುಂಡಿನ ಹಾಗೆ. ದಡದ ಒಣ ಮಣ್ಣಿನಿಂದ, ಗಾಯಕ್ಕೆ ಕಟ್ಟುವ ಆ ಇನ್ನೊಂದು ಗಿಡ, ಗಾಯದ ಸೇವಂತಿಗೆಯನ್ನೂ ಕಿತ್ತು ತಂದ. ಉದ್ದನೆಯ ಬೋಳು ದೇಟು, ಹಳದಿ ನಡು, ಅಗಲವಾದ ಕೆಲವೇ ಎಸಳು. ಪ್ರತಿ ಎಸಳಿನ ತುದಿಗೆ ಮೂರು ಹಲ್ಲು.

"ನಾವು ಇದಕ್ಕ ಹೂವು ಅಂತೀವಿ. ಇದು ಒಂದು ಹೂವಲ್ಲ," ಎಂದ. "ಎಸಳು ಅಂತೀವಲ್ಲ, ಅದೇ ಒಂದು ಹೂವು. ನಡುವಿನ ಒಂದೊಂದು ಚುಕ್ಕಿನೂ ಒಂದೊಂದು ಹೂವು. ಒಂದು ಊರೇ ಕೂಡಿ ಕುಂತಂಗ."

"ಊರಂದ್ರ ಸಾಕ್ರಿ. ಕೂಡಿ ಕುಂತ್ರ ಯಾರ ಮ್ಯಾಲ ತಪ್ಪು ಹಾಕೋಣು ಅಂತಿರ್ತಾವ ಅವು."

ಅವನು ನಕ್ಕ. ಅವಳು ಭೂತಗನ್ನಡಿಯನ್ನು ಕಣ್ಣಿಗೇ ಹಿಡಿದು ಹೂವಿನ ಮೇಲೆ ಬಾಗಿದಳು. ಇತ್ತ ಕಡೆಯಿಂದ ನೋಡುವವನಿಗೆ ಗಾಜಿನ ತುಂಬ ಒಂದು ಕಣ್ಣು ಕಂಡಿತು. ದೊಡ್ಡದಾಗಿ, ರೆಪ್ಪೆಯ ಒಂದೊಂದು ಕೂದಲೂ ಬೇರೆಬೇರೆಯಾಗಿ, ಅಂಚಿಗೆ ಕಪ್ಪು ಇಲ್ಲದೆ, ಗೆರೆ ಎಳೆಯದೆ ಬಿಟ್ಟ ಚಿತ್ರದ ಹಾಗೆ.

"ಹೂವು ಈ ಕಡಿ ಅದ ಮಾಸ್ತರ್," ಎಂದಳು ಅವಳು, ಗಾಜು ಇಳಿಸದೆ.

"ನೋಡಾಕತ್ತೀನಿ."

"ಸುಳ್ಳು."

ಬಂಡೆಯ ಮೇಲೆ ಎಲೆಯಡಿಕೆ ಕುಟ್ಟುವ ಸದ್ದು ನಿಂತಿತು. ಸ್ವಲ್ಪ ತಡೆದು ಮತ್ತೆ ಶುರುವಾಯಿತು.

ಅವತ್ತಿನಿಂದ ಶಾಲೆ ಬಿಟ್ಟ ಮೇಲೆ ಅವನು ಹಳ್ಳದ ದಡಕ್ಕೆ ಬರುವುದು ರೂಢಿಯಾಯಿತು. ಅವಳು ದಿನವೂ ಸಿಟ್ಟಿನಿಂದಲೇ ಮಾತು ಶುರು ಮಾಡುವಳು. ಇವತ್ತು ಯಾರ ಮನೆಯಲ್ಲಿ ಕಾಡಿಗೆ ಡಬ್ಬಿ ತಿಪ್ಪೆಗೆ ಚೆಲ್ಲಿದರು, ಯಾವ ತಾಯಿ ಇವಳನ್ನು ಕಂಡು ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು, ಎಲ್ಲ ಹೇಳುವಳು. ಒಮ್ಮೆ ಹೇಳುತ್ತ ಹೇಳುತ್ತ ಕೈಯಲ್ಲಿದ್ದ ಗರಗದ ಕಟ್ಟನ್ನು ಬಿಚ್ಚಿ ಒಂದೊಂದೇ ದಂಟು ನೋಡತೊಡಗಿದಳು.

"ಒಂದು ಮಾತು ಖರೆ ಹೇಳ್ರಿ," ಎಂದಳು. "ಒಣಗಿದ್ದು ಒಣಗಿದ್ದು ಕೂಡಿ ಹೋಗಿದ್ರ? ನನ್ನ ಕೈಯಿಂದನೇ?"

ಇಲ್ಲ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹಾಗೆ ತಟ್ಟನೆ ಹೇಳಿಯೇ ಈ ಎಲ್ಲ ಆದದ್ದು.

"ಗೊತ್ತಿಲ್ಲ," ಎಂದ. "ಆದ್ರ ಕೂಡಿದ್ರೂ ಅದರಿಂದ ಕಣ್ಣು ಊದ್ತದೋ ಇಲ್ಲೋ, ಅದನ್ನ ನೋಡಬಹುದು."

ಆ ಸಂಜೆ ಗುರುಲಿಂಗಮ್ಮನ ಅಂಗಳದಲ್ಲಿ ಎರಡು ದೀಪ ಉರಿದವು. ಒಂದರ ಬತ್ತಿ ಗರಗದ್ದು, ಇನ್ನೊಂದರದು ಗಾಯದ ಸೇವಂತಿಗೆಯದು. ಎರಡು ತಾಟಿನ ಮಸಿಯನ್ನು ಬೇರೆಬೇರೆ ಬಟ್ಟಲಲ್ಲಿ ಕಲಸಿದ ಮೇಲೆ ಅಮೃತಪ್ಪ ಅಜ್ಜಿ ಕುಳಿತಿದ್ದ ಹೊರಸಿನ ಎದುರು ಚಕ್ಕಳಬಕ್ಕಳ ಹಾಕಿ ಕುಳಿತ.

"ಬಲಗಣ್ಣಿಗಿ ಗರಗ, ಎಡಗಣ್ಣಿಗಿ ಇನ್ನೊಂದು. ವಾರ ಬಿಟ್ಟು ಸಾವ್ಕಾರ್ರ ಅಂಗಡಿ ಮುಂದ ನಿಲ್ತೀನಿ. ಹಚ್ಚ್ರಿ."

ನೋಡಲು ಬಂದಿದ್ದ ಇಮಾಮ್ಬೀ ಗಲ್ಲದ ಮೇಲೆ ಕೈಯಿಟ್ಟಳು. "ಅರೆ, ನನ್ನ ಕೆಲಸಾನೇ ಕಸಗೊಂಡ್ರಲ್ಲ ಮಾಸ್ತರ್. ಗಂಡಸು ಕಾಡಿಗಿ ಹಚ್ಚಿಕೊಂಡು ಶಾಲಿಗಿ ಹೋಗ್ತಾನಂತ."

ಶಿವಕಾಂತಮ್ಮ ಬಟ್ಟಲು ಮುಟ್ಟಲಿಲ್ಲ. ಮುಖ ಕೆಂಪಾಗಿತ್ತು.

"ಕಣ್ಣು ಹೋದ್ರ?"

"ಇನ್ನೊಂದು ಉಳೀತದ."

"ನಗಚಾಟಕಿ ಮಾಡಬ್ಯಾಡ್ರಿ. ನನ್ನ ಹೆಸರು ಉಳಸಾಕ ನಿಮ್ಮ ಕಣ್ಣು ಕೊಡ್ರಿ ಅಂತ ನಾ ಕೇಳೀನೇನು? ಹೆಣ್ಣುಮಗಳು ಅನ್ನ ಬಿಟ್ಟು ಅಳಾಕತ್ತಾಳ, ನಾ ಹೋಗಿ ಕಾಯ್ತೀನಿ ಅಂತ ಬಂದೀರೇನು?"

"ಇಲ್ರಿ. ಊರ ಮುಂದ ಆಡಿದ ಮಾತು ನಂದು. ಅದಕ್ಕ ಕಣ್ಣೂ ನಂದೇ ಇರಬೇಕು."

ಅವಳು ಬಟ್ಟಲುಗಳನ್ನು ಎತ್ತಿಕೊಂಡು ಅವನ ಎದುರು ಮಂಡಿಯೂರಿದಳು.

"ಕಣ್ಣು ಮುಚ್ಚ್ರಿ."

ಅವನು ಮುಚ್ಚಿದ. ಔಡಲೆಣ್ಣೆಯ ಹೊಗೆಯ ವಾಸನೆ, ಬೆಣ್ಣೆಯ ತಂಪು. ಅವಳ ಉಸಿರು ಅವನ ಹುಬ್ಬಿನ ಮೇಲೆ ಬಂದು ಹೋಗುತ್ತಿತ್ತು. ಬೆರಳ ತುದಿ ಬಲಗಣ್ಣಿನ ಅಂಚಿನಲ್ಲಿ ನಿಧಾನವಾಗಿ ಸರಿಯಿತು. ಆಮೇಲೆ ಬಟ್ಟಲು ನೆಲಕ್ಕೆ ತಾಗಿದ ಸದ್ದು, ಬೆರಳು ಒರೆಸಿಕೊಂಡ ಸದ್ದು, ಮತ್ತೆ ಬಟ್ಟಲಿನ ಸದ್ದು. ಎಡಗಣ್ಣಿನ ಹತ್ತಿರ ಬೆರಳು ಬಂದು ತಡೆಯಿತು. ಭಾಳ ಹೊತ್ತು ತಡೆಯಿತು.

"ನಿಮ್ಮ ಬೆರಳು ನಡುಗಾಕತ್ತದ," ಎಂದ, ಕಣ್ಣು ತೆರೆಯದೆ.

"ನಿಮ್ಮ ರೆಪ್ಪಿ ನಡುಗಾಕತ್ತದ. ಸುಮ್ ಕುಂದ್ರಿ."

ಬೆರಳು ಎಡಗಣ್ಣಿನ ಅಂಚನ್ನೂ ದಾಟಿತು.

ಆ ವಾರ ಶಾಲೆಯಲ್ಲಿ ಪಾಠ ನಡೆದದ್ದು ಅಷ್ಟಕ್ಕಷ್ಟೇ. ಹುಡುಗರು ಹಲಗೆಯ ಕಡೆ ನೋಡದೆ ಮಾಸ್ತರರ ಕಣ್ಣು ನೋಡುತ್ತಿದ್ದರು. ದೊಡ್ಡ ಮಾಸ್ತರರು ಕರೆದು, ಇದು ಸರ್ಕಾರಿ ಮದರಸಾನೋ ನಾಟಕದ ಕಂಪನಿಯೋ ಎಂದು ಕೇಳಿದರು. ಬಜಾರಿನಲ್ಲಿ ಮದುಮಗಳು ಬಂದಳು ಎಂದು ಯಾರೋ ಕೂಗಿದರು. ಅಮೃತಪ್ಪ ಸ್ವಭಾವದಿಂದ ಅಂಜುಬುರುಕ. ನಾಲ್ಕು ಜನರ ನಡುವೆ ಕೆಮ್ಮಲೂ ಹಿಂದೆಮುಂದೆ ನೋಡುವವ. ಆದರೆ ಆ ವಾರ ಅವನಿಗೆ ನಾಚಿಕೆಯಾಗುವ ಮೊದಲೇ ಸಿಟ್ಟು ಬರುತ್ತಿತ್ತು. ಇಷ್ಟಕ್ಕೇ ಇಷ್ಟು ನಗುತ್ತಾರೆ. ಅವಳು ಈ ಬಜಾರಿನಲ್ಲಿ ಹೇಗೆ ನಡೆದಾಡಿರಬೇಕು ಎಂದು ದಿನವೂ ಅದೇ ಹಾದಿಯಲ್ಲಿ ನಡೆದ. ದಿನವೂ ಸಂಜೆ ಹೋಗಿ ಅವಳಿಂದಲೇ ಕಾಡಿಗೆ ಹಚ್ಚಿಸಿಕೊಂಡ. ಅವಳು ದಿನವೂ ದೀಪವನ್ನು ಅವನ ಮುಖದ ಹತ್ತಿರ ಹಿಡಿದು ಕಣ್ಣು ನೋಡುವಳು. ನೋಡಿ ಮುಗಿದ ಮೇಲೂ ದೀಪ ತುಸು ಹೊತ್ತು ಅಲ್ಲೇ ಇರುತ್ತಿತ್ತು.

ವಾರ ಕಳೆದು ಅವನು ಅಂಗಡಿಯ ಮುಂದೆ ನಿಂತ.

"ನೋಡ್ರಿ ಸಾವ್ಕಾರ್ರೇ. ಒಂದು ಕಣ್ಣಿಗಿ ಗರಗ, ಇನ್ನೊಂದಕ್ಕ ನೀವು ಮುರಕೊಂಡು ಬಂದ ಗಿಡ. ಎರಡೂ ಹೆಂಗ ಅವ ಹೇಳ್ರಿ."

ದೇವೀಂದ್ರಪ್ಪ ಎದ್ದು ಬಂದು ಅವನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದರು. ಬಲಗಣ್ಣು ನೋಡಿದರು, ಎಡಗಣ್ಣು ನೋಡಿದರು. ಕಟ್ಟೆಯವರೂ ಬಗ್ಗಿ ನೋಡಿದರು. ಎರಡೂ ತಿಳಿಯಾಗಿದ್ದವು.

"ಹಂಗಾದ್ರ ನನ್ನ ಮೊಮ್ಮಗನ ಕಣ್ಣು ಯಾಕ ಊದ್ತು?"

"ನನ್ನದು ದೊಡ್ಡವರ ಕಣ್ಣು, ಹಸುಗೂಸಿಂದಲ್ಲ. ಆದ್ರೂ ಈ ಗಿಡ ವಿಷ ಅಂತ ಹೇಳಾಕ ಯಾರ ಹತ್ರನೂ ಆಧಾರ ಇಲ್ಲ. ಯಾಕ ಊದ್ತು, ನನಗ ಗೊತ್ತಿಲ್ಲ. ಅವತ್ತೂ ಅಷ್ಟೇ ಹೇಳಬೇಕಿತ್ತು."

ಈ ಸಲ ಕಟ್ಟೆ ನಗಲಿಲ್ಲ. ಒಳಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಸೊಸೆ ಸೆರಗು ಸರಿಪಡಿಸಿಕೊಂಡು, "ಮಾವ, ಕೂಸಿನ ಕಣ್ಣು ಇಳದು ಭಾಳ ದಿನ ಆಯ್ತು. ಆಕಿ ಹೆಸರು ಬಿಡ್ರಿ ಇನ್ನ," ಎಂದಳು. ಮಾವನ ಮುಂದೆ ಆಕೆ ದನಿಯೆತ್ತಿದ್ದು ಅದೇ ಮೊದಲು.

ದೇವೀಂದ್ರಪ್ಪ ತಕ್ಕಡಿಯ ಹಿಂದೆ ಹೋಗಿ ಕುಳಿತರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಅವತ್ತು ಬರಲಿಲ್ಲ, ಮುಂದೆಯೂ ಬರಲಿಲ್ಲ.

ಸಂಜೆ ಅಮೃತಪ್ಪ ಕಾಡಿಗೆ ತೊಳೆದುಕೊಳ್ಳಲು ಗುರುಲಿಂಗಮ್ಮನ ಅಂಗಳಕ್ಕೆ ಬಂದ. ಶಿವಕಾಂತಮ್ಮ ಎಣ್ಣೆ ಅದ್ದಿದ ಅರಿವೆ ಕೊಟ್ಟಳು. ಒರೆಸಿಕೊಂಡಷ್ಟೂ ಮಸಿ ಕೆನ್ನೆಗೆ ಹರಡಿತು. ಅವಳು ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ಕೊನೆಗೆ ತಾನೇ ಅರಿವೆ ಕಸಿದುಕೊಂಡು ಒರೆಸತೊಡಗಿದಳು.

"ನಾಳೆಯಿಂದ ಇಲ್ಲಿಗಿ ಬರಾಕ ನನಗ ನೆಪ ಇಲ್ಲ," ಎಂದ ಅವನು.

ಅವಳ ಕೈ ನಿಂತಿತು.

"ನೆಪ ಇಲ್ಲದ ಬರಬೇಕಂತ ಅದ ನನಗ. ನಮ್ಮೊಳಗ ಉಡಕಿ ಪದ್ಧತಿ ಅದ. ಗಂಡ ಹೋದಾಕಿಗಿ ಸೀರಿ ಉಡಿಸಿ ಮನಿ ತುಂಬಿಸಿಕೊಳ್ತಾರ, ಯಾರೂ ತಪ್ಪು ಅನ್ನಂಗಿಲ್ಲ. ಸೇಡಂದಾಗ ನಮ್ಮವ್ವ ಮೊದಲು ಅಳ್ತಾಳ, ಆಮ್ಯಾಲ ಒಪ್ತಾಳ. ನಿಮ್ಮ ಮನಸ್ಸು ಮಾತ್ರ ನನಗ ಗೊತ್ತಿಲ್ಲ. ಈ ಸಲ ಕೇಳಾಕತ್ತೀನಿ ನೋಡ್ರಿ. ಕೇಳದ ಹೇಳೋದು ಬಿಟ್ಟೀನಿ."

ಅವಳು ಅರಿವೆಯನ್ನು ಮತ್ತೆ ಎಣ್ಣೆಗೆ ಅದ್ದಿದಳು. ಹೊರಸಿನ ಮೇಲಿನಿಂದ ಗುರುಲಿಂಗಮ್ಮ, "ಆ ಪದ್ಧತಿ ನನ್ನ ಕಾಲದಾಗೂ ಇತ್ತು," ಎಂದಳು. "ಕೇಳಾವ್ರು ಬರಲಿಲ್ಲ."

ಅಷ್ಟರಲ್ಲಿ ಹಿತ್ತಲ ಬಾಗಿಲು ಸದ್ದಾಯಿತು. ದೇವೀಂದ್ರಪ್ಪನವರ ಹೆಂಡತಿ. ಸೆರಗಿನ ಮರೆಯಲ್ಲಿ ಖಾಲಿ ಕಾಡಿಗೆ ಡಬ್ಬಿ.

"ಕೂಸಿಗಿ ಒಂದೀಟು ಕೊಡ್ತೀಯೇನವ್ವ, ಕಾಂತಿ?"

ಶಿವಕಾಂತಮ್ಮ ಡಬ್ಬಿ ನೋಡಿದಳು, ಹಿತ್ತಲ ಬಾಗಿಲು ನೋಡಿದಳು. ಮತ್ತೆ ಕಣ್ಣಲ್ಲಿ ಅದೇ ಮೊದಲ ದಿನದ ಕೆಂಡ.

"ಹೋಗಬೇಕಾದ್ರ ನನ್ನ ಹೆಸರು ಬಜಾರದಾಗ ಹೋಯ್ತು ಅತ್ತಿ. ಬರಬೇಕಾದ್ರ ಹಿತ್ತಲಾಗಿಂದ ಬಂತೇನು? ಡಬ್ಬಿ ಇಟ್ಟು ಹೋಗ್ರಿ. ಈ ಸಲ ಪದ್ಧತಿ ಪ್ರಕಾರ ಒಂದು ವಾರ ನೋಡಿ ಕೊಡ್ತೀನಿ. ಮುಂದಿನ ಬಾಗಿಲಿಂದ ಬಂದು ಒಯ್ಯಿರಿ."

ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಇಮಾಮ್ಬೀ ಅಷ್ಟರಲ್ಲಿ ಒಳಗೆ ಬಂದು, ರೂಢಿಯ ಹಾಗೆ ಗರಗದ ಕಾಡಿಗೆಯ ಬಟ್ಟಲಿಗೆ ಕೈ ಚಾಚಿದಳು. ಶಿವಕಾಂತಮ್ಮ ಅವಳ ಕೈ ಹಿಡಿದಳು.

"ನೀ ಬ್ಯಾಡ ಇಮಾಮ್ಬೀ. ಮಾಡಿದಾಕಿ ಹಚ್ಚಿಕೊಳ್ಳಬೇಕು ಅಂತ ಪದ್ಧತಿ. ಮಾಡಿದಾಕಿ ನಾನು."

ಅವಳು ಕನ್ನಡಿ ಹುಡುಕಲಿಲ್ಲ. ಆ ಮನೆಯಲ್ಲಿ ಕನ್ನಡಿ ಇರಲಿಲ್ಲ. ತಾಟಿನ ಹಿಂಬದಿಯ ಹಿತ್ತಾಳೆಯಲ್ಲಿ ನೋಡಿಕೊಂಡು ಬೆರಳಿನಿಂದ ಬಲಗಣ್ಣಿಗೆ ಗೆರೆ ಎಳೆದಳು, ಎಡಗಣ್ಣಿಗೆ ಎಳೆದಳು. ರೂಢಿಯಿಲ್ಲದ ಕೈ. ಒಂದು ಗೆರೆ ಕಿವಿಯ ಕಡೆಗೆ ಓಡಿಹೋಯಿತು.

ದೇವೀಂದ್ರಪ್ಪನವರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಗುರುಲಿಂಗಮ್ಮ ಹೊರಸಿನಿಂದ ಮೆಲ್ಲನೆ ಇಳಿದು ಮೊಮ್ಮಗಳ ಎದುರು ಬಂದು ನಿಂತಳು. ಬೈಯುತ್ತಾಳೆ ಎಂದು ಎಲ್ಲರೂ ಕಾದರು.

"ಸೊಟ್ಟ ಆಗ್ಯಾದ. ಇತ್ತ ತಿರುಗು," ಎಂದು ಅಜ್ಜಿ ತನ್ನ ಸೆರಗಿನ ತುದಿಯಿಂದ ಆ ಗೆರೆಯನ್ನು ತಿದ್ದಿದಳು.

ಶಿವಕಾಂತಮ್ಮ ಅಮೃತಪ್ಪನ ಕಡೆ ತಿರುಗಿದಳು. ಗೆರೆ ಎಳೆಯದೆ ಬಿಟ್ಟ ಚಿತ್ರ ತುಂಬಿಕೊಂಡಿತ್ತು.

"ನನ್ನ ಮನಸ್ಸು ಕೇಳಿದ್ರಲ್ಲ. ಗೊತ್ತಾಯ್ತೇನ್ರಿ ಈಗ?"

"ಆಯ್ತು," ಎಂದ ಅವನು. ಕೆನ್ನೆಯ ಮೇಲೆ ಮಸಿ ಇನ್ನೂ ಹಾಗೇ ಇತ್ತು.

ಅವನ ತಾಯಿ ಮೊದಲು ಅತ್ತಳು, ಆಮೇಲೆ ಒಪ್ಪಿದಳು. ಸುಗ್ಗಿ ಮುಗಿದ ಮೇಲೆ ಉಡಕಿ ಆಯಿತು. ಮುಂದೆ ಅವನಿಗೆ ವಾಡಿಗೆ ವರ್ಗವಾಯಿತು. ರೈಲಿನ ಹಾದಿಯ ಬದಿಯಲ್ಲೇ ಮನೆ. ಅಂಗಳದ ತುಂಬ ಗಾಯದ ಸೇವಂತಿಗೆ ತಾನಾಗಿ ಬೆಳೆಯುತ್ತಿತ್ತು. ಗರಗವನ್ನು ಮಾತ್ರ ಶಿವಕಾಂತಮ್ಮ ಮೋರಿಯ ಪಕ್ಕ ತಾನೇ ತಂದು ನೆಟ್ಟಳು.

ಆ ಮನೆಯಲ್ಲಿ ಒಂದು ಜಗಳ ಕೊನೆಯತನಕ ಉಳಿಯಿತಂತೆ. ಆ ವಾರ ದಿನವೂ ಸಂಜೆ ಎಡಗಣ್ಣಿಗೆ ಯಾವ ಬಟ್ಟಲಿನ ಕಾಡಿಗೆ ಹಚ್ಚಿದೆ ಎಂದು ಅವನು ಕೇಳುವನು. ಬಟ್ಟಲಿನ ಸದ್ದು ಎರಡು ಸಲ ಆಗಿತ್ತು, ಬೆರಳು ಭಾಳ ಹೊತ್ತು ತಡೆದಿತ್ತು, ಅದು ಅವನ ಮನಸ್ಸಿನಿಂದ ಹೋಗಲೇ ಇಲ್ಲ. ಅವನ ಕಣ್ಣಿಗೆ ಕೆಡುಕಾದೀತೆಂದು ಅವಳು ಎರಡಕ್ಕೂ ಗರಗವನ್ನೇ ಹಚ್ಚಿದ್ದರೆ?

"ನಿಮ್ಮ ಕಣ್ಣು ಛಲೋ ಅವ ಇಲ್ಲೋ?" ಎನ್ನುವಳು ಅವಳು.

"ಅವ. ಆದ್ರ ಅದು ಪ್ರಯೋಗ ಇತ್ತು. ಊರ ಮುಂದ ನಾ ಹೇಳಿದ ಮಾತು ಖರೆನೋ ಸುಳ್ಳೋ ನನಗ ಗೊತ್ತಾಗಬ್ಯಾಡೇನು?"

ಅವಳು ಕಾಡಿಗೆಯ ಕಣ್ಣಿನಿಂದ ಅವನನ್ನು ನೋಡಿ ಒಳಗೆ ಹೋಗುವಳು. ಅವನ ಸಿಟ್ಟು ಊಟದ ಹೊತ್ತಿನತನಕ ಇರುತ್ತಿತ್ತು.

ಅವಳು ಯಾರಿಗೂ ಹೇಳಲಿಲ್ಲ. ಇಮಾಮ್ಬೀಗೂ ಹೇಳಲಿಲ್ಲ, ನಾನು ಕೇಳಿ ನೋಡಿದ್ದೇನೆ. ಎಡಗಣ್ಣಿಗೆ ಹಚ್ಚಿದ್ದು ಯಾವುದು ಎಂಬುದು ನನಗೆ ಗೊತ್ತಿಲ್ಲ. ಆ ಕೂಸಿನ ಕಣ್ಣು ಯಾಕೆ ಊದಿತು ಎಂಬುದೂ ಗೊತ್ತಿಲ್ಲ.